ಅಮೀಬಾವನ್ನು ತಳ್ಳುವುದು ಯಾರು? ಮುಂದಿನಿಂದಲಾ, ಹಿಂದಿನಿಂದಲಾ?

ಕೆರೆದಂಡೆ:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಕಳೆದ ವಾರ ಊರ ಕೆರೆಯಿಂದ ಒಂದು ಬಾಟಲಿ ನೀರು, ಜೊತೆಗೆ ಕೊಳೆತ ಎಲೆ ಇದ್ದ ಕೆಸರು ಸ್ವಲ್ಪ ತಂದು ಕಿಟಕಿ ಪಕ್ಕ ಮೂರು ದಿನ ಇಟ್ಟಿದ್ದೆ. ಆಮೇಲೆ ಮಕ್ಕಳಿಗೆ ಮೈಕ್ರೋಸ್ಕೋಪಿನಲ್ಲಿ ತೋರಿಸಿದೆ. ಪ್ಯಾರಮೀಸಿಯಂ ಅನ್ನುವ ಏಕಕೋಶ ಜೀವಿಗಳು ತುಂಬ ಸಿಕ್ಕವು, ಒಂದೂ ನಿಲ್ಲುತ್ತಿರಲಿಲ್ಲ. ಪೀರಿಯಡ್ ಮುಗಿಯುವ ಹೊತ್ತಿಗೆ ಒಂದು ಅಮೀಬಾ ಕೂಡ ಸಿಕ್ಕಿತು. ಅದು ತಟ್ಟೆಗೆ ಸುರಿದ ಬೆಲ್ಲದ ಪಾಕದ ಹಾಗೆ ನಿಧಾನಕ್ಕೆ ಒಂದು ಕಡೆ ಕೈ ಚಾಚುತ್ತಾ ಹರಿಯುತ್ತಿತ್ತು.

ಒಬ್ಬ ಹುಡುಗ ಬಹಳ ಹೊತ್ತು ನೋಡಿ ಕೇಳಿದ, "ಮಿಸ್, ಇದಕ್ಕೆ ಸ್ನಾಯು ಇಲ್ಲ, ಮೂಳೆ ಇಲ್ಲ. ತಳ್ಳೋದು ಯಾರು?" ನನಗೆ ಗೊತ್ತಿದ್ದ ಮಾತು ಹೇಳಿದೆ. ಒಳಗೆ ಮೋಟಾರ್ ಪ್ರೋಟೀನ್‌ಗಳಿವೆ, ಎಟಿಪಿ ಅನ್ನುವ ಕೋಶದ ಇಂಧನ ಖರ್ಚು ಮಾಡಿ ಕೋಶವನ್ನು ಓಡಿಸುತ್ತವೆ ಅಂತ. ಅವನು ಬಿಡಲಿಲ್ಲ. "ಅವು ಮುಂದೆ ನಿಂತು ಎಳೀತಾವಾ, ಹಿಂದೆ ನಿಂತು ತಳ್ತಾವಾ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಳೆ ಹೇಳುತ್ತೇನೆ ಅಂದೆ, ನಾಲ್ಕು ದಿನ ಆಯಿತು. ಅಮೀಬಾ ಮಿಥ್ಯಾಪಾದಗಳಿಂದ, ಅಂದರೆ ಮೈಯಿಂದ ಚಾಚುವ ತಾತ್ಕಾಲಿಕ ಕೈಗಳಿಂದ, ಚಲಿಸುತ್ತದೆ ಅಂತ ನಾವೆಲ್ಲ ಒಂದು ಸಾಲು ಬಾಯಿಪಾಠ ಮಾಡಿದ್ದೇವೆ. ಆದರೆ ಆ ಮಿಥ್ಯಾಪಾದ ಹುಟ್ಟುವುದೇ ಹೇಗೆ? ಗೊತ್ತಿದ್ದವರು ಬಿಡಿಸಿ ಹೇಳಿ.

ಸೆಕೆಂಡ್ ಪಿಯು:

ಮೋಟಾರ್ ಕುಟುಂಬಗಳು ಮೂರು ಮೇಡಂ. ಮಯೋಸಿನ್, ಕೈನೆಸಿನ್, ಡೈನಿನ್. ಮಯೋಸಿನ್ ನಡೆಯುವುದು ಆಕ್ಟಿನ್ ಅನ್ನುವ ಪ್ರೋಟೀನಿನ ಎಳೆಗಳ ಮೇಲೆ. ಉಳಿದ ಎರಡೂ ಸೂಕ್ಷ್ಮನಾಳಗಳ ಮೇಲೆ, ಅವು ಕೋಶದೊಳಗಿನ ಟೊಳ್ಳು ಪ್ರೋಟೀನ್ ಕೊಳವೆಗಳು. ಅಮೀಬಾದಲ್ಲಿ ಮಯೋಸಿನ್ ಮುಂದೆ ಇದ್ದು ಎಳೆಯುತ್ತದೆ ಅಂತ ನನಗೆ ಅನಿಸುತ್ತದೆ. ಸ್ನಾಯುವಿನಲ್ಲೂ ಎಳೆಯುವುದು ಅದೇ ಅಲ್ವಾ.

ಲ್ಯಾಬ್ ಮೂಲೆ:

ಮೊದಲು ಆ ಹುಡುಗನಿಗೆ ಶಾಭಾಷ್ ಹೇಳಿ. ಮುಂದೆಯಾ ಹಿಂದೆಯಾ ಅನ್ನುವ ಇದೇ ಪ್ರಶ್ನೆಗೆ ವಿಜ್ಞಾನಿಗಳು ದಶಕಗಟ್ಟಲೆ ವಾದ ಮಾಡಿದ್ದಾರೆ. ನಾನು ಬೆಂಗಳೂರಿನಲ್ಲಿ ಜೀವಕೋಶದ ಒಳಹಂದರದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಜಾರಾಗಬೇಡಿ.

ನಿಮ್ಮ ಮಕ್ಕಳು ಒಂದೇ ಹನಿಯಲ್ಲಿ ಎರಡು ಬೇರೆ ಯಂತ್ರಗಳನ್ನು ನೋಡಿದ್ದಾರೆ. ಪ್ಯಾರಮೀಸಿಯಂ ಈಜುತ್ತದೆ, ಅಮೀಬಾ ತೆವಳುತ್ತದೆ. ಎರಡಕ್ಕೂ "ಮೋಟಾರ್ ಪ್ರೋಟೀನ್" ಅಂತ ಒಂದೇ ಉತ್ತರ ಕೊಟ್ಟರೆ ಗೋಜಲಾಗುತ್ತದೆ. ನನಗೂ ಮೊದಲು ಹಾಗೇ ಆಗಿತ್ತು.

ಈಜುವುದನ್ನು ಮೊದಲು ನೋಡೋಣ, ಅದು ಸುಲಭ. ಪ್ಯಾರಮೀಸಿಯಂ ಮೈ ತುಂಬ ಸಾವಿರಾರು ಲೋಮಾಂಗಗಳಿವೆ, ಅಂದರೆ ಬೀಸುವ ಪುಟ್ಟ ಕೂದಲಿನಂಥವು. ಒಂದನ್ನು ಅಡ್ಡಲಾಗಿ ಕತ್ತರಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸುತ್ತಲೂ 9 ಜೋಡಿ ಸೂಕ್ಷ್ಮನಾಳ, ನಡುವೆ 2. ನಮ್ಮ ವೀರ್ಯಾಣುವಿನ ಬಾಲ, ಶ್ವಾಸನಾಳದ ಲೋಮಾಂಗ, ಕೆರೆಯ ಹಸಿರು ಪಾಚಿ ಕ್ಲಾಮಿಡೋಮೋನಾಸ್‌ನ ಕಶಾಂಗ (ಈಜಲು ಬಳಸುವ ಬಾಲದಂಥ ಎಳೆ), ಎಲ್ಲದರಲ್ಲೂ ಇದೇ 9 ಮತ್ತು 2. ಪ್ರತಿ ಜೋಡಿಯಿಂದಲೂ ಪುಟ್ಟ ಕೈಗಳು ಚಾಚಿಕೊಂಡಿರುತ್ತವೆ. ಆ ಕೈಗಳೇ ಡೈನಿನ್. 1963ರಲ್ಲಿ ಇಯಾನ್ ಗಿಬನ್ಸ್ ಟೆಟ್ರಾಹೈಮಿನಾ ಅನ್ನುವ ಏಕಕೋಶಿಯ ಲೋಮಾಂಗಗಳಿಂದ ಇದನ್ನು ಬೇರ್ಪಡಿಸಿದರು. 1965ರಲ್ಲಿ ಹೆಸರಿಟ್ಟರು. ಬಲದ ಅಳತೆ ಡೈನ್ ಇದೆಯಲ್ಲ, ಅದರಿಂದ ಬಂದ ಹೆಸರು.

ಒಂದು ಜೋಡಿಗೆ ಅಂಟಿಕೊಂಡ ಡೈನಿನ್ ಪಕ್ಕದ ಜೋಡಿಯನ್ನು ಹಿಡಿದು ಜಾರಿಸಲು ನೋಡುತ್ತದೆ. ಆದರೆ ಜೋಡಿಗಳನ್ನು ಒಂದಕ್ಕೊಂದು ಕಟ್ಟಿ ಹಾಕಿರುವುದರಿಂದ ಪೂರ್ತಿ ಜಾರಲು ಆಗುವುದಿಲ್ಲ. ಆಗ ಇಡೀ ಲೋಮಾಂಗ ಬಾಗುತ್ತದೆ. ಇದನ್ನು ತೋರಿಸಿಕೊಟ್ಟ ಪ್ರಯೋಗ ನನಗೆ ತುಂಬ ಇಷ್ಟ. 1971ರಲ್ಲಿ ಸಮರ್ಸ್ ಮತ್ತು ಗಿಬನ್ಸ್ ಕಡಲ ಮುಳ್ಳುಚೆಂಡಿನ ವೀರ್ಯಾಣು ಬಾಲಗಳನ್ನು ತೆಗೆದುಕೊಂಡು, ಟ್ರಿಪ್ಸಿನ್ ಅನ್ನುವ ಪ್ರೋಟೀನ್ ಕತ್ತರಿಸುವ ಕಿಣ್ವ ಹಾಕಿ ಆ ಕಟ್ಟುಗಳನ್ನು ಮಾತ್ರ ಸಡಿಲ ಮಾಡಿದರು. ಆಮೇಲೆ ಎಟಿಪಿ ಹಾಕಿದರು. ಬಾಲ ಬಾಗಲಿಲ್ಲ. ಒಳಗಿನ ನಾಳಗಳು ಒಂದರಿಂದ ಒಂದು ಜಾರಿ, ಹಳೇ ರೇಡಿಯೋದ ಏರಿಯಲ್ ಎಳೆದ ಹಾಗೆ ಉದ್ದವಾಗುತ್ತಾ ಹೋದವು. ಹಾಗಾಗಿ ಡೈನಿನ್‌ಗೆ ಗೊತ್ತಿರುವುದು ಜಾರಿಸುವುದು ಒಂದೇ. ಬಾಗು ಬರುವುದು ಕಟ್ಟು ಇರುವುದರಿಂದ.

ತೆವಳುವುದರ ಬಗ್ಗೆ ರಾತ್ರಿ ಬರೆಯುತ್ತೇನೆ.

ಮಂಡ್ಯದ ಹುಡುಗಿ:

ಏರಿಯಲ್ ಹೋಲಿಕೆ ಚೆನ್ನಾಗಿದೆ. ಇಷ್ಟು ವರ್ಷ ಲೋಮಾಂಗ ಅಂದರೆ ಚಾವಟಿ ಥರ ಬುಡದಲ್ಲಿ ಯಾರೋ ಅಲ್ಲಾಡಿಸುತ್ತಾರೆ ಅಂದುಕೊಂಡಿದ್ದೆ. ಉದ್ದಕ್ಕೂ ಮೋಟಾರ್ ಇರುತ್ತವೆ ಅಂತ ಗೊತ್ತಿರಲಿಲ್ಲ. ಬ್ಯಾಕ್ಟೀರಿಯಾದ ಕಶಾಂಗದಲ್ಲೂ ಡೈನಿನ್ ಇರುತ್ತದಾ?

ಲ್ಯಾಬ್ ಮೂಲೆ:

ಇಲ್ಲ. ಹೆಸರು ಒಂದೇ, ವಸ್ತು ಬೇರೆ. ಬ್ಯಾಕ್ಟೀರಿಯಾದಲ್ಲಿ ನೀವು ಅಂದುಕೊಂಡ ಹಾಗೇ ಮೋಟಾರ್ ಬುಡದಲ್ಲಿದೆ. ಕಶಾಂಗ ಬಾಗುವುದಿಲ್ಲ, ದೋಣಿಯ ಫ್ಯಾನಿನ ಹಾಗೆ ಸುತ್ತುತ್ತದೆ. 1973ರಲ್ಲಿ ಹೋವರ್ಡ್ ಬರ್ಗ್ ಮತ್ತು ಆಂಡರ್ಸನ್ ಇದು ಸುತ್ತಲೇಬೇಕು ಅಂತ ವಾದ ಮಂಡಿಸಿದರು. 1974ರಲ್ಲಿ ಸಿಲ್ವರ್‌ಮನ್ ಮತ್ತು ಸೈಮನ್ ಕಶಾಂಗವನ್ನೇ ಗಾಜಿಗೆ ಅಂಟಿಸಿದರು. ಆಗ ಬ್ಯಾಕ್ಟೀರಿಯಾದ ಮೈಯೇ ಗಿರಗಿರ ತಿರುಗಿತು. ಅದು ಓಡುವುದು ಎಟಿಪಿಯಿಂದಲೂ ಅಲ್ಲ, ಪೊರೆಯ ಮೂಲಕ ಒಳಗೆ ಹರಿಯುವ ಪ್ರೋಟಾನ್‌ಗಳಿಂದ. ನಮ್ಮ ಜಲವಿದ್ಯುತ್ ಕೇಂದ್ರದ ಟರ್ಬೈನ್ ನೆನಪು ಮಾಡಿಕೊಳ್ಳಿ. ಸೆಕೆಂಡಿಗೆ ನೂರು ಸುತ್ತಿಗಿಂತ ಜಾಸ್ತಿ.

ಕನ್ನಡದಲ್ಲಿ ಎರಡಕ್ಕೂ ಕಶಾಂಗ ಅಂತಲೇ ಬರೆಯುತ್ತೇವೆ. ಅದರಿಂದ ಮಕ್ಕಳಿಗೆ ನಿಜಕ್ಕೂ ತೊಂದರೆ ಆಗುತ್ತದೆ. ಬೇರೆ ಹೆಸರು ಬೇಕು ಅನ್ನುವುದು ನನ್ನ ಅಭಿಪ್ರಾಯ.

ಗಣಿತ ಭೌತ:

ಇಲ್ಲಿ ಭೌತಶಾಸ್ತ್ರದ ಒಂದು ಮಾತು ಸೇರಿಸಲೇಬೇಕು, ಇಲ್ಲದಿದ್ದರೆ ಮೋಟಾರ್ ಯಾಕೆ ಬಿಡುವಿಲ್ಲದೆ ಓಡಬೇಕು ಅನ್ನುವುದು ತಿಳಿಯುವುದಿಲ್ಲ. ನಾವು ಈಜುವಾಗ ಕೈ ನಿಲ್ಲಿಸಿದರೂ ಸ್ವಲ್ಪ ದೂರ ತೇಲಿಕೊಂಡು ಹೋಗುತ್ತೇವೆ. ಅಷ್ಟು ಪುಟ್ಟ ಜೀವಿಗೆ ಆ ಸೌಲಭ್ಯ ಇಲ್ಲ. ಅದಕ್ಕೆ ನೀರು ಅಂದರೆ ನಮಗೆ ಜೇನುತುಪ್ಪಕ್ಕಿಂತ ಗಟ್ಟಿಯಾದ ಏನೋ ಒಂದು ಇದ್ದ ಹಾಗೆ. 1977ರಲ್ಲಿ ಎಡ್ವರ್ಡ್ ಪರ್ಸೆಲ್ ಲೆಕ್ಕ ಹಾಕಿ ತೋರಿಸಿದರು. ಈಜುವ ಬ್ಯಾಕ್ಟೀರಿಯಾ ಮೋಟಾರ್ ನಿಲ್ಲಿಸಿದರೆ ಆಮೇಲೆ ಮುಂದೆ ಹೋಗುವ ದೂರ ಒಂದು ಪರಮಾಣುವಿನ ಅಗಲದಷ್ಟೂ ಇಲ್ಲ. ನಿಂತಲ್ಲೇ ನಿಲ್ಲುತ್ತದೆ.

ಇನ್ನೊಂದು ವಿಷಯ. ಅಂಥ ನೀರಿನಲ್ಲಿ ಹೋದ ದಾರಿಯಲ್ಲೇ ವಾಪಸ್ ಬರುವ ಹುಟ್ಟು ಕೆಲಸಕ್ಕೆ ಬರುವುದಿಲ್ಲ. ಎಷ್ಟು ಮುಂದೆ ಹೋದಿರೋ ಅಷ್ಟೇ ಹಿಂದೆ ಬರುತ್ತೀರಿ. ಅದಕ್ಕೇ ಲೋಮಾಂಗ ನೆಟ್ಟಗೆ ನಿಂತು ಬೀಸುತ್ತದೆ, ವಾಪಸ್ ಬರುವಾಗ ಮೈಗೆ ಒರಗಿಕೊಂಡು ಬಾಗಿ ಬರುತ್ತದೆ. ಸಮರ್ಸ್-ಗಿಬನ್ಸ್ ಕಥೆಗೆ ಇದನ್ನು ಸೇರಿಸಿ ನೋಡಿ. ಎಲ್ಲ ಡೈನಿನ್‌ಗಳೂ ಒಟ್ಟಿಗೆ ಎಳೆದರೆ ಎರಡೂ ಕಡೆಯ ಬಲ ಸಮವಾಗಿ ಲೋಮಾಂಗ ಬಾಗುವುದೇ ಇಲ್ಲ. ಒಂದು ಪಕ್ಕದವು ಎಳೆಯುವಾಗ ಇನ್ನೊಂದು ಪಕ್ಕದವು ಸುಮ್ಮನಿರಬೇಕು. ಸೆಕೆಂಡಿಗೆ ಹತ್ತಾರು ಸಲ ಸರದಿ ಬದಲಾಗಬೇಕು. ಕ್ಲಾಮಿಡೋಮೋನಾಸ್ ಸೆಕೆಂಡಿಗೆ ಸುಮಾರು 50 ಸಲ ಬೀಸುತ್ತದೆ.

ಲ್ಯಾಬ್ ಮೂಲೆ:

ಸರ್ ಹೇಳಿದ್ದು ಸರಿ. ಈಗ ತೆವಳುವ ಕಥೆ. ಇಲ್ಲಿ ಸೆಕೆಂಡ್ ಪಿಯು ಹೇಳಿದ್ದನ್ನು ಸ್ವಲ್ಪ ತಿದ್ದಬೇಕು, ಆದರೆ ಆ ತಪ್ಪು ತುಂಬ ಸಹಜ.

ಬಿಳಿ ರಕ್ತಕಣ, ಡಿಕ್ಟಿಯೋಸ್ಟೀಲಿಯಂ ಅನ್ನುವ ಮಣ್ಣಿನ ಅಮೀಬಾ, ಮೀನಿನ ಹುರುಪೆಯ ಕೋಶ, ಇಂಥವುಗಳ ಮುಂದಿನ ಅಂಚನ್ನು ನೂಕುವುದು ಯಾವ ಮೋಟಾರೂ ಅಲ್ಲ. ಆಕ್ಟಿನ್ ಎಳೆ ಬೆಳೆಯುವುದರಿಂದಲೇ ಆ ಅಂಚು ಮುಂದೆ ಹೋಗುತ್ತದೆ. ಆಕ್ಟಿನ್ ಬಿಡಿ ಮಣಿಗಳು ಒಂದೊಂದಾಗಿ ಬಂದು ಎಳೆಯ ತುದಿಗೆ ಸೇರುತ್ತವೆ. ಇದ್ದ ಎಳೆಗೆ ಆರ್ಪ್ 2/3 ಅನ್ನುವ ಪ್ರೋಟೀನ್ ಗುಂಪು ಸುಮಾರು 70 ಡಿಗ್ರಿಗೆ ಒಂದು ಕವಲು ಕೊಡುತ್ತದೆ, ಆ ಕವಲಿಗೆ ಇನ್ನೊಂದು ಕವಲು, ಹೀಗೆ ಬೇಲಿಯ ಪೊದೆ ಥರ ತುಂಬಿಕೊಳ್ಳುತ್ತದೆ.

ಬೆಳೆಯುವುದು ತಳ್ಳುವುದು ಹೇಗಾಗುತ್ತದೆ? ಏರಿನಲ್ಲಿ ಎತ್ತಿನ ಗಾಡಿ ಸಿಕ್ಕಿಕೊಂಡಾಗ ಏನು ಮಾಡುತ್ತಾರೆ? ಗಾಡಿ ಸ್ವಲ್ಪ ಮುಂದಕ್ಕೆ ತೂಗಿದ ಕೂಡಲೇ ಒಬ್ಬ ಚಕ್ರದ ಹಿಂದೆ ಕಲ್ಲು ಕೊಡುತ್ತಾನೆ. ಗಾಡಿ ವಾಪಸ್ ಜಾರುವುದಿಲ್ಲ. ಕೋಶದ ಪೊರೆ ಶಾಖದಿಂದ ಯಾವಾಗಲೂ ಅಲ್ಲಾಡುತ್ತಲೇ ಇರುತ್ತದೆ. ಒಂದು ಕ್ಷಣ ಮುಂದೆ ಬಾಗಿದಾಗ ಒಂದು ಮಣಿ ಸಂದಿಯಲ್ಲಿ ಸೇರಿಕೊಳ್ಳುತ್ತದೆ. ಪೊರೆ ಮತ್ತೆ ಹಿಂದೆ ಬರಲಾಗುವುದಿಲ್ಲ. ಹೀಗೆ ಸಾವಿರಾರು ಎಳೆಗಳಲ್ಲಿ ಒಟ್ಟಿಗೆ ನಡೆಯುತ್ತದೆ.

ಪುರಾವೆ ಏನು ಅಂತ ಕೇಳುತ್ತೀರಿ. 1987ರಲ್ಲಿ ಎರಡು ಗುಂಪುಗಳು, ಡಿ ಲೊಜಾನ್ ಮತ್ತು ಸ್ಪುಡಿಚ್ ಒಂದು, ನೆಕ್ಟ್ ಮತ್ತು ಲೂಮಿಸ್ ಇನ್ನೊಂದು, ಡಿಕ್ಟಿಯೋಸ್ಟೀಲಿಯಂನಿಂದ ಮಯೋಸಿನ್-2 (ಮಯೋಸಿನ್‌ನ ಒಂದು ಬಗೆ) ಕೆಲಸ ಮಾಡದಂತೆ ತೆಗೆದುಹಾಕಿದವು. ಕೋಶ ನಿಂತೇ ಹೋಗುತ್ತದೆ ಅಂತ ಅಂದುಕೊಂಡಿದ್ದವರು ಬಹಳ ಜನ. ನಿಲ್ಲಲಿಲ್ಲ! ಮಿಥ್ಯಾಪಾದ ಬಂತು, ತೆವಳುವುದೂ ನಡೆಯಿತು, ನಿಧಾನವಾಯಿತು ಅಷ್ಟೇ. ಕೆಟ್ಟದ್ದು ಬೇರೆ ಕೆಲಸ. ನೀರಿನಲ್ಲಿ ತೇಲುತ್ತಿದ್ದಾಗ ಆ ಕೋಶಗಳಿಗೆ ಎರಡಾಗಿ ಸೀಳಿಕೊಳ್ಳಲು ಆಗಲಿಲ್ಲ. ಒಳಗಿನ ಕೋಶಕೇಂದ್ರಗಳು ಮಾತ್ರ ಹೆಚ್ಚುತ್ತಾ ಹೋಗಿ ದೊಡ್ಡ ಉಂಡೆಗಳಾದವು.

ಲಿಸ್ಟೀರಿಯಾ ಅನ್ನುವ ರೋಗಾಣು ನಮ್ಮ ಕೋಶದೊಳಗೆ ನುಗ್ಗಿ ನಮ್ಮದೇ ಆಕ್ಟಿನ್ ಬಳಸಿ ಓಡಾಡುತ್ತದೆ. ಅದರ ಹಿಂದೆ ಧೂಮಕೇತುವಿನ ಬಾಲದ ಹಾಗೆ ಆಕ್ಟಿನ್ ಬೆಳೆಯುತ್ತದೆ. 1999ರಲ್ಲಿ ಬರೀ ಶುದ್ಧ ಪ್ರೋಟೀನ್‌ಗಳನ್ನು ಬೆರೆಸಿ ಆ ಓಟವನ್ನು ಗಾಜಿನ ಮೇಲೆ ಮಾಡಿ ತೋರಿಸಿದರು. ಆ ಮಿಶ್ರಣದಲ್ಲಿ ಮಯೋಸಿನ್ ಇರಲೇ ಇಲ್ಲ.

ಹಾಗಾದರೆ ಮಯೋಸಿನ್ ಯಾಕೆ ಬೇಕು? ಅದರ ಕೆಲಸ ಜಾಸ್ತಿ ಇರುವುದು ಹಿಂಭಾಗದಲ್ಲಿ. ಮುಂದಿನ ಅಂಚು ಹೋಗಿ ನೆಲ ಹಿಡಿದುಕೊಳ್ಳುತ್ತದೆ. ಹಿಂದಿನ ಭಾಗ ಇನ್ನೂ ಅಂಟಿಕೊಂಡೇ ಇರುತ್ತದೆ. ಮಯೋಸಿನ್-2 ಅಲ್ಲಿ ಆಕ್ಟಿನ್ ಬಲೆಯನ್ನು ಬಿಗಿದು, ಅಂಟು ಬಿಡಿಸಿ, ಮೈಯನ್ನು ಮುಂದಕ್ಕೆ ಎಳೆದುಕೊಳ್ಳುತ್ತದೆ. ಕೋಶಕ್ಕೆ ಒಂದೇ ಮುಂದು, ಒಂದೇ ಹಿಂದು ಇರುವ ಹಾಗೆ ನೋಡಿಕೊಳ್ಳುವುದರಲ್ಲೂ ಅದರ ಪಾತ್ರ ದೊಡ್ಡದು. ಅದಿಲ್ಲದಿದ್ದರೆ ಪಕ್ಕದಲ್ಲೆಲ್ಲ ಕೈಗಳು ಮೂಡಿ ದಾರಿ ತಪ್ಪುತ್ತದೆ.

ನಿವೃತ್ತ ಉಪನ್ಯಾಸಕ:

ನಾನು ಮೂವತ್ತು ವರ್ಷ ಪ್ರಾಣಿಶಾಸ್ತ್ರ ಕಲಿಸಿದ್ದೇನೆ. ಅಮೀಬಾದ ಹಿಂಭಾಗ ಕುಗ್ಗುತ್ತದೆ, ಒಳಗಿನ ದ್ರವ ಮುಂದಕ್ಕೆ ನುಗ್ಗುತ್ತದೆ, ತುದಿಯಲ್ಲಿ ಗಟ್ಟಿಯಾಗುತ್ತದೆ, ಹಿಂದೆ ಮತ್ತೆ ಕರಗುತ್ತದೆ ಅಂತ ಬೋರ್ಡ್ ಮೇಲೆ ಚಿತ್ರ ಬರೆದು ಹೇಳಿದ್ದೇನೆ. ಎಸ್. ಒ. ಮಾಸ್ಟ್ 1925ರಲ್ಲಿ ಹೇಳಿದ್ದು ಅದು. ನಿಮ್ಮ ಮಾತು ಕೇಳಿದರೆ ನಾನು ಇಷ್ಟು ವರ್ಷ ತಪ್ಪು ಹೇಳಿಕೊಟ್ಟೆನಾ ಅಂತ ಮನಸ್ಸಿಗೆ ಕಸಿವಿಸಿ ಆಗುತ್ತಿದೆ. ನೇರವಾಗಿ ಹೇಳಿ.

ಲ್ಯಾಬ್ ಮೂಲೆ:

ಇಲ್ಲ ಸರ್, ತಪ್ಪಲ್ಲ. ನಾನು ಅವಸರದಲ್ಲಿ ಎಲ್ಲ ತೆವಳುವ ಕೋಶಗಳನ್ನೂ ಒಂದೇ ಬುಟ್ಟಿಗೆ ಹಾಕಿದ ಹಾಗೆ ಬರೆದೆ. ಕೆರೆದಂಡೆ ಮೇಡಂ ನೋಡಿದ್ದು ಅಮೀಬಾ ಪ್ರೋಟಿಯಸ್ ಥರದ್ದು ಆಗಿದ್ದರೆ ನೀವು ಬರೆದ ಚಿತ್ರವೇ ಹತ್ತಿರ. ಅದು ಬಿಳಿ ರಕ್ತಕಣಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಅರ್ಧ ಮಿಲಿಮೀಟರ್‌ವರೆಗೂ ಬೆಳೆಯುತ್ತದೆ. ಅದರ ಹೊರಪದರದಲ್ಲಿ ಆಕ್ಟಿನ್ ಮತ್ತು ಮಯೋಸಿನ್ ಬಿಗಿಯುತ್ತವೆ. ಒಳಗೆ ಒತ್ತಡ ಏರುತ್ತದೆ. ತುದಿಯಲ್ಲಿ ಪದರ ಸಡಿಲವಾಗಿರುವ ಕಡೆ ದ್ರವ ನುಗ್ಗುತ್ತದೆ. ಟೂತ್‌ಪೇಸ್ಟ್ ಟ್ಯೂಬನ್ನು ಹಿಂದಿನಿಂದ ಹಿಂಡಿದ ಹಾಗೆ. 1961ರಲ್ಲಿ ರಾಬರ್ಟ್ ಆಲನ್ "ಇಲ್ಲ, ಮುಂದಿನ ತುದಿಯಲ್ಲೇ ಸಂಕೋಚನ ಆಗಿ ಎಳೆಯುತ್ತದೆ" ಅಂತ ವಾದಿಸಿದರು. ಅಲ್ಲಿಂದ ಬಹಳ ಕಾಲ ಜಗಳ ನಡೆಯಿತು. ಈಗ ಹೆಚ್ಚಿನವರು ಹಿಂದಿನ ಒತ್ತಡದ ಕಡೆ ವಾಲುತ್ತಾರೆ.

ಹೀಗೆ ಒತ್ತಡದಿಂದ ಹೋಗುವುದು ಬೇರೆ ಕಡೆಯೂ ಇದೆ. ಜೀಬ್ರಾ ಮೀನಿನ ಭ್ರೂಣದಲ್ಲಿ ಮುಂದೆ ಅಂಡಾಣು ವೀರ್ಯಾಣು ಆಗಬೇಕಾದ ಕೋಶಗಳು ದೂರ ಪ್ರಯಾಣ ಮಾಡಬೇಕು. ಅವು ಪೊರೆಯಲ್ಲಿ ಗುಳ್ಳೆ ಎಬ್ಬಿಸಿಕೊಂಡು ಹೋಗುತ್ತವೆ. ಆ ಗುಳ್ಳೆಗೆ ಬೇಕಾದ ಒತ್ತಡ ಮಯೋಸಿನ್‌ನದು.

ಹಾಗಾಗಿ ಹುಡುಗನಿಗೆ ಹೀಗೆ ಹೇಳಬಹುದು ಮೇಡಂ. ನೀನು ನೋಡಿದ ದೊಡ್ಡ ಅಮೀಬಾವನ್ನು ಹಿಂದಿನಿಂದ ಹಿಂಡುವುದರಲ್ಲಿ ಮೋಟಾರ್‌ಗಳಿವೆ. ನಿನ್ನ ರಕ್ತದಲ್ಲಿರುವ ಬಿಳಿ ಕಣದಲ್ಲಿ ಮುಂದೆ ನೂಕುವುದು ಬೆಳೆಯುವ ಎಳೆ, ಹಿಂದೆ ಎಳೆದುಕೊಳ್ಳುವುದು ಮೋಟಾರ್. 1950ರ ದಶಕದಲ್ಲಿ ಡೇವಿಡ್ ರೋಜರ್ಸ್ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಚಿತ್ರೀಕರಿಸಿದ ಒಂದು ತುಣುಕು ಇದೆ. ಬಿಳಿ ಕಣವೊಂದು ಕೆಂಪು ಕಣಗಳನ್ನು ಪಕ್ಕಕ್ಕೆ ತಳ್ಳುತ್ತಾ ಬ್ಯಾಕ್ಟೀರಿಯಾವನ್ನು ಅಟ್ಟಿಸಿಕೊಂಡು ಹೋಗುತ್ತದೆ. ಮಕ್ಕಳಿಗೆ ತೋರಿಸಿ. ಅದರ ಬಾಲದ ಕಡೆ ಕಣ್ಣಿಡಲು ಹೇಳಿ.

ನಿವೃತ್ತ ಉಪನ್ಯಾಸಕ:

ಸಮಾಧಾನ ಆಯಿತು. ಒಂದು ಮಾತು ನಾನೂ ಸೇರಿಸುತ್ತೇನೆ. ಜಂತುಹುಳುವಿನ ವೀರ್ಯಾಣುವಿಗೆ ಬಾಲ ಇಲ್ಲ, ಅದು ಅಮೀಬಾ ಥರ ತೆವಳುತ್ತದೆ. ಆ ತೆವಳುವಿಕೆ ಆಕ್ಟಿನ್‌ನಿಂದಲೂ ಅಲ್ಲ, ಮಯೋಸಿನ್‌ನಿಂದಲೂ ಅಲ್ಲ. ಎಂಎಸ್‌ಪಿ ಅನ್ನುವ ಬೇರೆಯೇ ಪ್ರೋಟೀನಿನ ಎಳೆಗಳು ಮುಂದೆ ಬೆಳೆದು ಹಿಂದೆ ಕರಗುತ್ತವೆ. ಆ ಎಳೆಗಳ ಮೇಲೆ ನಡೆಯುವ ಮೋಟಾರೇ ಇಲ್ಲ.

ಕಡಲತಡಿ ಅಮ್ಮ:

ನಾನು ವಿಜ್ಞಾನ ಓದಿದವಳಲ್ಲ. ಡೈನಿನ್ ಅನ್ನುವ ಹೆಸರು ನೋಡಿ ಇಲ್ಲಿ ಬಂದೆ, ಯಾಕೆಂದರೆ ಆ ಹೆಸರು ನಮ್ಮ ಮನೆಯಲ್ಲಿ ಪ್ರತಿದಿನದ ಮಾತು.

ನನ್ನ ಮಗನಿಗೆ ಹುಟ್ಟಿದಾಗಿನಿಂದ ಕಫದ ಕೆಮ್ಮು. ಮೂಗು ಯಾವಾಗಲೂ ಕಟ್ಟಿರುತ್ತಿತ್ತು. ಆಸ್ತಮಾ ಅಂದರು, ಅಲರ್ಜಿ ಅಂದರು, ಐದು ವರ್ಷ ಇನ್ಹೇಲರ್ ಹಾಕಿಸಿದರು. ಅವನ ಹೃದಯ ಬಲಗಡೆ ಇದೆ ಅಂತ ಎಕ್ಸ್‌ರೇಯಲ್ಲಿ ಕಂಡಿತ್ತು. ಅದನ್ನೂ ಕೆಮ್ಮನ್ನೂ ಯಾರೂ ಜೋಡಿಸಿ ನೋಡಲಿಲ್ಲ. ಕೊನೆಗೆ ಬೇರೆ ಊರಿನಲ್ಲಿ ಒಬ್ಬ ಡಾಕ್ಟರ್ ಎರಡನ್ನೂ ಕೇಳಿದ ಕೂಡಲೇ ಲೋಮಾಂಗದ ಪರೀಕ್ಷೆ ಮಾಡಿಸಿ ಅಂದರು. ಮೂಗಿನೊಳಗಿನಿಂದ ಸ್ವಲ್ಪ ಕೋಶ ತೆಗೆದರು. ಅದರ ಫೋಟೋ ತೋರಿಸಿದರು. ಸುತ್ತ 9 ಜೋಡಿ ಇತ್ತು, ಆದರೆ ಇರಬೇಕಾದ ಪುಟ್ಟ ಕೈಗಳು ಇರಲಿಲ್ಲ. ಅದೇ ಡೈನಿನ್ ಕೈ ಅಂದರು. ಈಗ ದಿನಕ್ಕೆ ಎರಡು ಸಲ ಫಿಸಿಯೋಥೆರಪಿ ಮಾಡಿ ಕಫ ಹೊರಗೆ ತೆಗೆಯುತ್ತೇವೆ. ಶಾಲೆಗೆ ಹೋಗುತ್ತಾನೆ, ಚೆನ್ನಾಗಿ ಓದುತ್ತಾನೆ.

ನನ್ನ ಪ್ರಶ್ನೆ ಇಷ್ಟೇ. ಕೆಮ್ಮು ಅರ್ಥವಾಯಿತು. ಹೃದಯ ಬಲಗಡೆ ಹೋಗುವುದಕ್ಕೂ ಈ ಕೈಗಳಿಗೂ ಏನು ಸಂಬಂಧ?

ಲ್ಯಾಬ್ ಮೂಲೆ:

ಅಮ್ಮಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿಮ್ಮ ಮಗನಿಗೆ ನನ್ನ ಪ್ರೀತಿ ತಿಳಿಸಿ.

ಶ್ವಾಸನಾಳದ ಕೋಶ ಎಲ್ಲಿಗೂ ಹೋಗುವುದಿಲ್ಲ. ದಡಕ್ಕೆ ಕಟ್ಟಿದ ದೋಣಿಯಲ್ಲಿ ಕೂತು ಹುಟ್ಟು ಹಾಕಿದರೆ ದೋಣಿ ನಿಂತಿರುತ್ತದೆ, ನೀರು ಹರಿಯುತ್ತದೆ. ಹಾಗೆ ಅಲ್ಲಿ ಕಫ ಹರಿಯುತ್ತದೆ. ಪ್ಯಾರಮೀಸಿಯಂನಲ್ಲಿ ದೋಣಿಯ ಹಗ್ಗ ಬಿಚ್ಚಿದೆ, ಅಷ್ಟೇ ವ್ಯತ್ಯಾಸ.

ಇನ್ನು ಹೃದಯದ ಮಾತು. ತಾಯಿಯ ಹೊಟ್ಟೆಯಲ್ಲಿ ಮಗು ಇನ್ನೂ ಚಪ್ಪಟೆ ಎಲೆಯ ಹಾಗೆ ಇರುವಾಗ, ಅದರ ನಡುವೆ ಒಂದು ಪುಟ್ಟ ಗುಂಡಿ ಇರುತ್ತದೆ. ಅಲ್ಲಿರುವ ಲೋಮಾಂಗಗಳು ಬೀಸುವುದಿಲ್ಲ, ಗಿರಕಿ ಹೊಡೆಯುತ್ತವೆ. ಅದರಿಂದ ಅಲ್ಲಿನ ದ್ರವ ಎಡಗಡೆಗೆ ಹರಿಯುತ್ತದೆ. ಯಾವುದು ಎಡ ಅಂತ ಮೈಗೆ ಗೊತ್ತಾಗುವುದು ಆ ಹರಿವಿನಿಂದ. 1998ರಲ್ಲಿ ಜಪಾನಿನಲ್ಲಿ ಹಿರೊಕಾವಾ ಅವರ ತಂಡ ಇಲಿಗಳಲ್ಲಿ ಇದನ್ನು ಕಂಡುಕೊಂಡಿತು. ಡೈನಿನ್ ಕೈ ಇಲ್ಲದಿದ್ದರೆ ಹರಿವು ಇಲ್ಲ. ಆಗ ಹೃದಯ ಎಡಕ್ಕೆ ಬರುವುದೋ ಬಲಕ್ಕೆ ಬರುವುದೋ ನಾಣ್ಯ ಚಿಮ್ಮಿದ ಹಾಗೆ. ಅದಕ್ಕೇ ಈ ತೊಂದರೆ ಇರುವವರಲ್ಲಿ ಸುಮಾರು ಅರ್ಧ ಜನರಿಗೆ ಮಾತ್ರ ಅಂಗಗಳು ಅದಲು ಬದಲು. 1933ರಲ್ಲಿ ಕಾರ್ಟಜೆನರ್ ಅನ್ನುವ ವೈದ್ಯರು ಅದಲು ಬದಲಾದ ಅಂಗ, ಸೈನಸ್, ಕೆಮ್ಮು ಒಟ್ಟಿಗೆ ಬರುವುದನ್ನು ಬರೆದರು. 1976ರಲ್ಲಿ ಸ್ವೀಡನ್ನಿನ ಆಫ್ಜೆಲಿಯಸ್ ಅಂಥವರ ವೀರ್ಯಾಣು ಅಲ್ಲಾಡದಿರುವುದನ್ನೂ ಅದರಲ್ಲಿ ಡೈನಿನ್ ಕೈ ಇಲ್ಲದಿರುವುದನ್ನೂ ಸೇರಿಸಿ ತೋರಿಸಿದರು. ನಿಮ್ಮ ಡಾಕ್ಟರ್ ಎರಡು ಪ್ರಶ್ನೆಯಲ್ಲೇ ಹಿಡಿದದ್ದು ಆ ಕೊಂಡಿಯನ್ನು.

ಕಡಲತಡಿ ಅಮ್ಮ:

ಇಷ್ಟು ತಿಳಿಯುವ ಹಾಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಮಗನಿಗೆ ಓದಿ ಹೇಳಿದೆ. ದೋಣಿಯ ಮಾತು ಅವನಿಗೆ ತುಂಬ ಹಿಡಿಸಿತು, ನಾವು ಹೊಳೆ ಪಕ್ಕದವರು.

ಸೆಕೆಂಡ್ ಪಿಯು:

ಹಾಗಾದರೆ ಕೋಶ ಚಲಿಸುವುದರಲ್ಲಿ ಕೈನೆಸಿನ್‌ಗೆ ಏನೂ ಕೆಲಸ ಇಲ್ವಾ?

ಮಂಡ್ಯದ ಹುಡುಗಿ:

ಇದು ನಾನು ಓದಿದ್ದೇನೆ. ಕೈನೆಸಿನ್ ನಮ್ಮ ಮಾರುಕಟ್ಟೆಯ ಹಮಾಲಿ ಇದ್ದ ಹಾಗೆ, ಸಾಮಾನು ಹೊರುವ ಕೆಲಸ. ಕಶಾಂಗ ಬೆಳೆಯುವುದು ತುದಿಯಲ್ಲಿ. ಆದರೆ ಪ್ರೋಟೀನ್ ತಯಾರಾಗುವುದು ಕೋಶದ ಒಳಗೆ. ಅಲ್ಲಿಂದ ತುದಿಯವರೆಗೆ ಹೊತ್ತುಕೊಂಡು ಹೋಗುವುದು ಕೈನೆಸಿನ್, ಖಾಲಿಯಾದದ್ದನ್ನು ವಾಪಸ್ ತರುವುದು ಇನ್ನೊಂದು ಬಗೆಯ ಡೈನಿನ್. ಈ ಓಡಾಟವನ್ನು 1993ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕ್ಲಾಮಿಡೋಮೋನಾಸ್‌ನಲ್ಲೇ ಮೊದಲು ನೋಡಿದ್ದು. ಬಿಸಿಯಾದರೆ ಕೈನೆಸಿನ್ ಕೆಡುವ ಒಂದು ತಳಿ ಇದೆ. ಬೆಚ್ಚಗೆ ಇಟ್ಟರೆ ಅದರ ಕಶಾಂಗ ಮೊಟಕಾಗುತ್ತಾ ಕೊನೆಗೆ ಇಲ್ಲವಾಗುತ್ತದೆ. ಹಮಾಲಿ ಬರದಿದ್ದರೆ ಇಂಜಿನ್ ಕಟ್ಟಲು ಸಾಮಾನೇ ಬರುವುದಿಲ್ಲ.

ಗಣಿತ ಭೌತ:

ಆ ಹಮಾಲಿಯ ಶಕ್ತಿಯ ಲೆಕ್ಕ ನಾನು ಕೊಡುತ್ತೇನೆ. ಕೈನೆಸಿನ್ ಒಂದು ಹೆಜ್ಜೆಗೆ 8 ನ್ಯಾನೋಮೀಟರ್ ಹೋಗುತ್ತದೆ, 1993ರಲ್ಲಿ ಲೇಸರ್ ಚಿಮಟದಲ್ಲಿ (ಪುಟ್ಟ ಕಣವನ್ನು ಬೆಳಕಿನಿಂದಲೇ ಹಿಡಿಯುವ ಉಪಕರಣ) ಹಿಡಿದು ಅಳೆದದ್ದು. ಹೆಜ್ಜೆಗೆ ಒಂದು ಎಟಿಪಿ. ಸುಮಾರು 6 ಪೈಕೋನ್ಯೂಟನ್ (ಬಲದ ಅತಿ ಚಿಕ್ಕ ಅಳತೆ) ಎದುರು ಎಳೆದರೆ ನಿಲ್ಲುತ್ತದೆ. ಕೆಲಸ ಅಂದರೆ ಬಲ ಗುಣಿಸು ದೂರ, ಎಂಟಾರು ನಲವತ್ತೆಂಟು. ಕೋಶದೊಳಗೆ ಒಂದು ಎಟಿಪಿ ಕೊಡುವ ಶಕ್ತಿ ಅದೇ ಅಳತೆಯಲ್ಲಿ 80ರಿಂದ 100. ಅಂದರೆ ನಿಲ್ಲುವ ಹಂತದಲ್ಲೂ ಅರ್ಧದಷ್ಟು ಶಕ್ತಿ ಕೆಲಸವಾಗಿ ಬರುತ್ತದೆ. ನಮ್ಮ ಬೈಕಿನ ಪೆಟ್ರೋಲ್ ಇಂಜಿನ್ ಇದರ ಹತ್ತಿರವೂ ಬರುವುದಿಲ್ಲ. ಈ ಲೆಕ್ಕವನ್ನು ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಮಾಡಿಸುತ್ತೇನೆ, ಪ್ರತಿ ವರ್ಷವೂ ಖುಷಿ ಆಗುತ್ತದೆ.

ಲ್ಯಾಬ್ ಮೂಲೆ:

ನಮ್ಮ ದೇಶದ ಕೆಲಸವನ್ನೂ ಹೇಳಬೇಕು. ಮುಂಬೈನ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ನಲ್ಲಿ ರೂಪ್ ಮಲ್ಲಿಕ್ ಅವರ ತಂಡ ಕೋಶ ನುಂಗಿದ ಕಣಗಳನ್ನು ಕೋಶದೊಳಗೇ ಲೇಸರ್ ಚಿಮಟದಲ್ಲಿ ಹಿಡಿದು ಎಳೆದು ನೋಡಿತು. 2013ರಲ್ಲಿ ಬಂದ ಫಲಿತಾಂಶ ಇದು. ಒಂಟಿ ಡೈನಿನ್ ಬಲ ಕಡಿಮೆ. ಆದರೆ ಎದುರಿನಿಂದ ಎಳೆತ ಬಂದಾಗ ಡೈನಿನ್‌ಗಳು ಗುಂಪಾಗಿ ಹತ್ತಿರ ಸೇರಿ ಹೊರೆ ಹಂಚಿಕೊಳ್ಳುತ್ತವೆ. ಒಂಟಿಯಾಗಿ ಗಟ್ಟಿಯಿರುವ ಕೈನೆಸಿನ್ ಗುಂಪಿನಲ್ಲಿ ಅಷ್ಟು ಚೆನ್ನಾಗಿ ಹೊಂದಿಕೊಳ್ಳುವುದಿಲ್ಲ.

ಮತ್ತೆ ಮಲೇರಿಯಾ. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡರು. ಸೊಳ್ಳೆ ಕಚ್ಚಿದಾಗ ನಮ್ಮ ಚರ್ಮಕ್ಕೆ ಬರುವ ಅದರ ರೂಪಕ್ಕೆ ಲೋಮಾಂಗ ಇಲ್ಲ, ಮಿಥ್ಯಾಪಾದ ಇಲ್ಲ. ಆದರೂ ಬಿಳಿ ರಕ್ತಕಣಕ್ಕಿಂತ ಸುಮಾರು ಹತ್ತು ಪಟ್ಟು ಜೋರಾಗಿ ಜಾರಿಕೊಂಡು ಹೋಗುತ್ತದೆ. ಅಲ್ಲಿ ಪೂರಾ ಮಯೋಸಿನ್ ಕೆಲಸ. ಪೊರೆಯ ಕೆಳಗೆ ಮಯೋಸಿನ್ ಗಟ್ಟಿಯಾಗಿ ನೆಟ್ಟಿರುತ್ತದೆ, ಆಕ್ಟಿನ್ ತುಣುಕನ್ನು ಹಿಂದಕ್ಕೆ ಎಳೆಯುತ್ತದೆ, ಆ ತುಣುಕಿಗೆ ಜೋಡಿಸಿದ ಅಂಟು ಪ್ರೋಟೀನ್ ಪೊರೆಯ ಹೊರಗೆ ನಮ್ಮ ಅಂಗಾಂಶವನ್ನು ಹಿಡಿದಿರುತ್ತದೆ. ಹಗ್ಗ ಹಿಂದೆ ಎಳೆದರೆ ಮೈ ಮುಂದೆ ಹೋಗುತ್ತದೆ. ಅದಕ್ಕೇ ನನಗೆ ಯಾರಾದರೂ "ಮೋಟಾರ್ ಪ್ರೋಟೀನ್ ಚಲಿಸುತ್ತದೆ" ಅಂದರೆ ಸಾಲುವುದಿಲ್ಲ. ಅದನ್ನು ಎಲ್ಲಿ ಕಟ್ಟಿದೆ, ಅದು ಏನನ್ನು ಹಿಡಿದು ಎಳೆಯುತ್ತಿದೆ ಅನ್ನುವುದು ಗೊತ್ತಾಗಬೇಕು.

ಕೆರೆದಂಡೆ:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ. ಇವತ್ತು ಎರಡು ಪೀರಿಯಡ್ ತೆಗೆದುಕೊಂಡು ಹೇಳಿದೆ. ಬೋರ್ಡ್ ಮೇಲೆ ಎತ್ತಿನ ಗಾಡಿ ಬರೆದೆ, ಟೂತ್‌ಪೇಸ್ಟ್ ಟ್ಯೂಬ್ ತಂದು ಹಿಂಡಿ ತೋರಿಸಿದೆ. ಮಯೋಸಿನ್ ಕೆಲಸವನ್ನು ಕಣ್ಣಾರೆ ತೋರಿಸೋಣ ಅಂತ ಕೆರೆಯ ಹೈಡ್ರಿಲ್ಲಾ ಎಲೆಯನ್ನು ಬೆಳಕಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಮೈಕ್ರೋಸ್ಕೋಪಿಗೆ ಹಾಕಿದೆ. ಹಸಿರು ಕಾಳುಗಳು ಕೋಶದ ಗೋಡೆ ಪಕ್ಕದಲ್ಲೇ ಸಾಲಾಗಿ ಸುತ್ತುತ್ತಿದ್ದವು. ಮಕ್ಕಳು ವಾಚ್ ಹಿಡಿದು ಎಣಿಸಿದರು, ಒಂದು ಸುತ್ತಿಗೆ ಮುಕ್ಕಾಲು ನಿಮಿಷದ ಹತ್ತಿರ.

ಅದೇ ಹುಡುಗ ಮತ್ತೆ ಕೇಳಿದ. "ಮಿಸ್, ಈ ಕೋಶ ಗೋಡೆಯೊಳಗಿದೆ, ಎಲ್ಲಿಗೂ ಹೋಗೋದಿಲ್ಲ. ಸುಮ್ನೆ ಒಳಗೆ ಯಾಕೆ ಓಡ್ಬೇಕು?" ಈ ಸಲ ನಾಳೆ ಅನ್ನಲಿಲ್ಲ, ಕೇಳಿ ಹೇಳುತ್ತೇನೆ ಅಂದೆ.

ಗಣಿತ ಭೌತ:

ಅವನಿಗೆ ಈ ಲೆಕ್ಕ ಕೊಡಿ. ಚಾರಾ ಅನ್ನುವ ಪಾಚಿಯಲ್ಲಿ ಒಂದೇ ಕೋಶ 5 ಸೆಂಟಿಮೀಟರ್ ಉದ್ದ ಇರಬಹುದು. ಒಂದು ತುದಿಯ ಸಕ್ಕರೆ ತಾನಾಗಿಯೇ ಹರಡಿಕೊಂಡು ಇನ್ನೊಂದು ತುದಿ ಮುಟ್ಟಲು ಹೆಚ್ಚು ಕಡಿಮೆ ಒಂದು ತಿಂಗಳು ಬೇಕು. ಅದರೊಳಗಿನ ಹರಿವು ಸೆಕೆಂಡಿಗೆ 70 ಮೈಕ್ರಾನ್ ಇದ್ದರೆ 12 ನಿಮಿಷ ಸಾಕು. ದೂರ ಎರಡು ಪಟ್ಟಾದರೆ ತಾನಾಗಿ ಹರಡುವ ಸಮಯ ನಾಲ್ಕು ಪಟ್ಟಾಗುತ್ತದೆ, ಹರಿವಿನ ಸಮಯ ಎರಡೇ ಪಟ್ಟು.

ಲ್ಯಾಬ್ ಮೂಲೆ:

ಆ ಹರಿವನ್ನು ಬೊನಾವೆಂಚುರಾ ಕೋರ್ಟಿ 1774ರಲ್ಲೇ ಚಾರಾದಲ್ಲಿ ನೋಡಿ ಬರೆದಿದ್ದರು. ಚಾರಾದ ಮಯೋಸಿನ್ ಇದುವರೆಗೆ ಅಳೆದ ಮಯೋಸಿನ್‌ಗಳಲ್ಲೇ ಬಹಳ ವೇಗದ್ದು. ಅದರ ಅಣ್ಣತಮ್ಮನಂಥ ನಿಟೆಲಾ ಪಾಚಿಯ ಕೋಶವನ್ನು ಸೀಳಿ ತೆರೆದು, 1983ರಲ್ಲಿ ಶೀಟ್ಜ್ ಮತ್ತು ಸ್ಪುಡಿಚ್ ಸ್ನಾಯುವಿನ ಮಯೋಸಿನ್ ಹಚ್ಚಿದ ಪುಟ್ಟ ಮಣಿಗಳನ್ನು ಅದರ ಆಕ್ಟಿನ್ ಹಗ್ಗಗಳ ಮೇಲೆ ಬಿಟ್ಟರು. ಪ್ರಾಣಿಯ ಮೋಟಾರ್ ಗಿಡದಂಥ ಪಾಚಿಯ ಹಳಿ ಮೇಲೆ ಓಡಿತು. ಎರಡು ವರ್ಷ ಆದ ಮೇಲೆ ವೇಲ್, ರೀಸ್, ಶೀಟ್ಜ್ ಅದೇ ಥರದ ಯೋಚನೆಯಿಂದ ಸ್ಕ್ವಿಡ್‌ನ ದಪ್ಪ ನರತಂತುವಿನಲ್ಲಿ ಕೈನೆಸಿನ್ ಹಿಡಿದರು. 2012ರಲ್ಲಿ ಶೀಟ್ಜ್, ಸ್ಪುಡಿಚ್, ವೇಲ್ ಮೂವರಿಗೂ ಲಾಸ್ಕರ್ ಪ್ರಶಸ್ತಿ ಬಂತು.

ಮೇಡಂ, ಈ ಪಾಚಿ ನಿಮಗೂ ಸಿಗಬಹುದು. ನಾಟಿ ಆದ ಮೇಲೆ ನೀರು ನಿಂತ ಭತ್ತದ ಗದ್ದೆ, ತಿಳಿನೀರಿನ ಹೊಂಡಗಳಲ್ಲಿ ನೋಡಿ. ಚಾರಾ ಕೈಗೆ ಸುಣ್ಣ ಹತ್ತಿದ ಹಾಗೆ ಒರಟು, ಉಜ್ಜಿದರೆ ಬೆಳ್ಳುಳ್ಳಿ ಥರ ವಾಸನೆ ಬರುತ್ತದೆ. ನಿಟೆಲಾ ನಯ, ತೆಳು ಹಸಿರು, ಗಾಜಿನ ಹಾಗೆ. ನೋಡಲು ನಿಟೆಲಾನೇ ಒಳ್ಳೆಯದು, ಚಾರಾದ ಮೇಲೆ ಸುಣ್ಣದ ಪದರ ಅಡ್ಡ ಬರುತ್ತದೆ. ಗೆಣ್ಣಿನಿಂದ ಗೆಣ್ಣಿನವರೆಗೆ ಒಂದೇ ಕೋಶ, ಅದನ್ನು ಹಿಸುಕದೆ ನೀರಿನಲ್ಲೇ ಇಟ್ಟು ಕಡಿಮೆ ಪವರ್‌ನಲ್ಲಿ ನೋಡಿ.

ಕೆರೆದಂಡೆ:

ನಮ್ಮ ಊರಿನಲ್ಲಿ ನಾಟಿ ಶುರುವಾಗುವುದು ಇನ್ನು ಹದಿನೈದು ದಿನಕ್ಕೆ. ಆ ಹುಡುಗನ ಮನೆಯವರದ್ದೇ ಗದ್ದೆ ಇದೆ. ಅವನಿಗೇ ಬಾಟಲಿ ಕೊಟ್ಟು ಕಳಿಸುತ್ತೇನೆ.